ಕುಡಿತ ಬಿಟ್ಟವರು ಅವರು, ನಿದ್ದೆ ಬಿಟ್ಟವಳು ನಾನು

ಪ್ರಶ್ನೆ: ನಮ್ಮ ಯಜಮಾನರು ಕುಡಿತ ಬಿಟ್ಟು ವರ್ಷವಾಗುತ್ತಾ ಬಂತು. ತಪ್ಪದೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರ ಕೂಟ) ಸಭೆಗೆ ಹೋಗುತ್ತಾರೆ. ನೆಂಟರೆಲ್ಲ ಹೊಗಳುತ್ತಾರೆ. ನನಗೆ ಮಾತ್ರ ನಿದ್ದೆಯಿಲ್ಲ. ಅವರು ಬರುವುದು ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಕಾಫಿ ಕೊಡುವ ನೆಪದಲ್ಲಿ ಬಾಯಿ ವಾಸನೆ ನೋಡುತ್ತೇನೆ, ಮಲಗಿದ ಮೇಲೆ ಅವರ ಫೋನ್‌ಪೇ ತೆಗೆದು ನೋಡುತ್ತೇನೆ. 'ನೀನೂ ನಮ್ಮ ದಾರಿ ಹಿಡಿ' ಅನ್ನುತ್ತಾರೆ. ಕುಡಿಯದ ನನಗೆ ಅದೇಕೆ?
– ಹೆಸರು ಬೇಡ, ಬಸವೇಶ್ವರನಗರ

ಉತ್ತರ: ಅವರನ್ನು ಹೊಗಳುವಾಗ ನಿಮಗೆ ಒಳಗೊಳಗೇ ಸಿಟ್ಟು ಬರುತ್ತಿದ್ದರೆ ಅದು ಹೊಟ್ಟೆಕಿಚ್ಚಲ್ಲ. ಅವರ ಕಷ್ಟ ಎಲ್ಲರಿಗೂ ಕಂಡಿತು, ನಿಮ್ಮದನ್ನು ಯಾರೂ ಕೇಳಲಿಲ್ಲ. ವರ್ಷಗಟ್ಟಲೆ ಗೇಟಿನ ಸದ್ದಿಗೆ ಕಿವಿಕೊಟ್ಟು ಎಚ್ಚರವಿದ್ದ ಮೈಗೆ 'ಇನ್ನು ಮಲಗು, ಎಲ್ಲ ಸರಿಹೋಯಿತು' ಎಂದರೆ ಅದು ತಕ್ಷಣ ನಂಬುವುದಿಲ್ಲ. ನಿಮ್ಮ ಹಾಗೆ ಎಚ್ಚರವಾಗಿರುವ ಹೆಂಡತಿಯರು, ತಾಯಂದಿರು ಬಹಳ ಜನರಿದ್ದಾರೆ.

1935ರಲ್ಲಿ ಅಮೆರಿಕದಲ್ಲಿ ಎಎ ಶುರುಮಾಡಿದ ಇಬ್ಬರಲ್ಲಿ ಬಿಲ್ ವಿಲ್ಸನ್ ಒಬ್ಬರು. ಅವರು ಕುಡಿತ ಬಿಟ್ಟ ಮೇಲೆ ಒಂದು ದಿನ ಸಭೆಗೆ ಕರೆದಾಗ, ಹೆಂಡತಿ ಲೋಯಿಸ್ ಆ ಸಭೆಗಳಿಗೆ ಶಾಪ ಹಾಕಿ ಶೂ ಎಸೆದರಂತೆ. ತನಗೇಕೆ ಇಷ್ಟು ಸಿಟ್ಟು ಎಂದು ಆಕೆಗೇ ದಿಗಿಲಾಯಿತು. ಗಂಡ ಹಿಡಿದ ದಾರಿಯೇ ಕುಡಿಯದ ತನಗೂ ಬೇಕು ಅನ್ನಿಸಿತು. ಮುಂದೆ 1951ರಲ್ಲಿ ಮನೆಯವರಿಗಾಗಿಯೇ ಅಲ್-ಅನಾನ್ ಕಟ್ಟಿದವರಲ್ಲಿ ಆಕೆಯೂ ಒಬ್ಬರು. ಅಂದರೆ ನಿಮ್ಮ ಪ್ರಶ್ನೆ ಎಎಯಷ್ಟೇ ಹಳೆಯದು.

ಆದರೆ ಕುಡಿಯುವವರಿಗೂ ನಿಮಗೂ ಒಂದು ವ್ಯತ್ಯಾಸವಿದೆ. ಹೆಂಡವನ್ನು ಪೂರ್ತಿ ಬಿಡಬಹುದು, ಚಿಂತೆಯನ್ನು ಹಾಗೆ ಬಿಡಲಾಗದು. 'ನಾಳೆಯಿಂದ ಯೋಚನೆಯೇ ಮಾಡಲ್ಲ' ಎಂದು ಆಣೆ ಹಾಕಿಕೊಳ್ಳಬೇಡಿ. ನೀವು ಬಿಡಬೇಕಾದದ್ದು ತಪಾಸಣೆ. ಫೋನ್ ನೋಡಿದಾಗ ಒಂದು ಗಳಿಗೆ ನಿರಾಳ, ಆಮೇಲೆ ಮತ್ತೆ ಅನುಮಾನ. ಗ್ಲಾಸು ಹಿಡಿದವರ ಪಾಡೂ ಇದೇ ಅಲ್ಲವೇ?

ಇವತ್ತು ರಾತ್ರಿಯ ಮಟ್ಟಿಗೆ, ಆ ಫೋನ್ ಮುಟ್ಟುವ ಮುಂಚೆ ಹದಿನೈದು ನಿಮಿಷ ತಡೆಯಿರಿ. ತುಡಿತ ಏರಿದ ಹಾಗೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಎಎಯವರು ಕೇಳಿಕೊಳ್ಳುವುದನ್ನೇ ನೀವೂ ಕೇಳಿಕೊಳ್ಳಿ: ಹಸಿವೋ, ಸಿಟ್ಟೋ, ಒಂಟಿತನವೋ, ಸುಸ್ತೋ? (ಎಲ್ಲರಿಗೂ ಬಡಿಸಿ ಹತ್ತು ಗಂಟೆಗೆ ಉಣ್ಣುವ ಹೆಂಗಸರಿಗೆ ಎಷ್ಟೋ ಸಲ ಉತ್ತರ ಮೊದಲನೆಯದೇ.) ಮನಸ್ಸು ತಡೆಯದೆ ನೋಡಿಬಿಟ್ಟಿರೋ, ಎಲ್ಲ ಹಾಳಾಯಿತು ಎಂದುಕೊಳ್ಳಬೇಡಿ. ಒಮ್ಮೆ ಜಾರುವುದು ಬೇರೆ, ಹಳೆಯ ಚಟಕ್ಕೆ ಮರಳುವುದು ಬೇರೆ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಗುರುತಿಸಿದ್ದೂ ಇದನ್ನೇ: ಜಾರಿದವರನ್ನು ಇನ್ನೂ ಕೆಳಕ್ಕೆ ಎಳೆಯುವುದು 'ನನ್ನ ಕೈಲಾಗದು' ಎಂಬ ಕೊರಗು.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ ಇಷ್ಟೇ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವೈದ್ಯರಿಗೂ ತೋರಿಸಿ. ಸಾಯುವ ಯೋಚನೆ ಸುಳಿದರಂತೂ ಬೆಳಗಾಗಲಿ ಎಂದು ಕಾಯದೆ ಆಗಲೇ ಫೋನ್ ಮಾಡಿ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಅಲ್-ಅನಾನ್ ಸಭೆ ಎಲ್ಲಿ, ಯಾವಾಗ ಎಂದು ನಿಮ್ಮ ಯಜಮಾನರನ್ನೇ ವಿಚಾರಿಸಿ, ಎಎಯವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಅಲ್ಲಿ ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಮೊದಲ ದಿನ ಮಾತಾಡದೆ ಕೂತು ಬಂದರೂ ಆಯಿತು. ರಾಜಾಜಿನಗರ, ವಿಜಯನಗರದ ಕಡೆ ಪರಿಚಯದವರು ಸಿಕ್ಕಾರು ಎಂಬ ಅಳುಕಿದ್ದರೆ ಮೆಟ್ರೋ ಹತ್ತಿ ದೂರದ ಸಭೆಗೆ ಹೋಗಿ.