ತಗೊಂಡಿದ್ದನ್ನು ತಗೊಂಡೆ ಅನ್ನು

"ಕಲೆ ಅಂದಮೇಲೆ ಎಲ್ಲರೂ ಎಲ್ಲರಿಂದಲೂ ತಗೊಳ್ತಾರೆ ತಾತ, ಅದನ್ನೇನು ದೊಡ್ಡ ವಿಷಯ ಮಾಡ್ತೀಯ" ಅಂತೀಯಲ್ಲ, ಆ ಮಾತಲ್ಲಿ ಅರ್ಧ ಸತ್ಯ ಇದೆ ಮಗು. ಆ ಅರ್ಧವನ್ನು ಒಪ್ಪಿದೆ. ಉಳಿದರ್ಧವನ್ನು ನೀನೇ ನುಂಗಿಬಿಟ್ಟಿದ್ದೀಯ, ಅದನ್ನು ಕಕ್ಕಿಸೋದು ನನ್ನ ಕೆಲಸ. ನಿನ್ನ ಕೈ ಚುರುಕು, ಕಣ್ಣು ಅದಕ್ಕಿಂತ ಚುರುಕು. ತಾಳ್ಮೆಯನ್ನು ಮಾತ್ರ ನಿಮ್ಮಜ್ಜಿ ಹತ್ತಿರ ಕಡ ತಗೋಬೇಕು.

ಚೌಳಹಿರಿಯೂರಿನ ಸುತ್ತಮುತ್ತಲ ಮಕ್ಕಳಿಗೆ ಚಿತ್ರ ಬರೆಯೋದು ಹೇಳಿಕೊಟ್ಟವನು ನಾನು. ಶುರು ಮಾಡಿಸ್ತಿದ್ದದ್ದೇ ನಕಲಿನಿಂದ. ಕ್ಯಾಲೆಂಡರಿನ ಲಕ್ಷ್ಮಿ ಮೇಲೆ ಪೆನ್ಸಿಲಲ್ಲಿ ಸಣ್ಣ ಚೌಕಗಳನ್ನು ಎಳೆಯೋದು, ಡ್ರಾಯಿಂಗ್ ಹಾಳೆ ಮೇಲೆ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಎಳೆಯೋದು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಇಲ್ಲಿಗೆ ಇಳಿಸೋದು. ಮೂಗು ಸರಿಯಾಗಿ ಕೂರೋ ಹೊತ್ತಿಗೆ ರಬ್ಬರು ಸವೆದಿರೋದು. ಕೈ ಪಳಗೋದೇ ಹಾಗೆ. ಆದ್ದರಿಂದ ನಕಲು ಅಂದ ಕೂಡಲೇ ಮೂಗು ಮುರಿಯೋ ಪೈಕಿ ನಾನಲ್ಲ.

ಆ ಲಕ್ಷ್ಮಿಯ ಕತೆ ಕೇಳು. ರಾಜಾ ರವಿವರ್ಮ ಎಣ್ಣೆಬಣ್ಣದಲ್ಲಿ ಬರೆಯೋ ರೀತಿಯನ್ನು ಯುರೋಪಿನವರ ಚಿತ್ರ ನೋಡಿ ಕಲಿತವರು. ನಮ್ಮ ಪುರಾಣದವರನ್ನು ಆ ರೀತಿಯಲ್ಲಿ ಬರೆದರು. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದರು. ಅರಮನೆಯ ಗೋಡೆಗೆ ಸೀಮಿತವಾಗಿದ್ದ ದೇವರುಗಳು ಅಗ್ಗದ ಕಾಗದದ ಮೇಲೆ ಬಡವರ ಮನೆಗೂ ಬಂದರು. ನಿಮ್ಮಜ್ಜಿ ದಿನಾ ಕುಂಕುಮ ಇಡೋದು ಆ ಕುಲದ ಪಟಕ್ಕೇ. ಅದು ಅಚ್ಚು ಹಾಕಿದ್ದು ಅಂತ ಅವಳ ಭಕ್ತಿ ಗುಲಗಂಜಿಯಷ್ಟೂ ಇಳಿದಿಲ್ಲ. ಒಂದು ವಸ್ತು ಅಸಲೋ ನಕಲೋ ಅನ್ನೋದು ಒಂದು ಪ್ರಶ್ನೆ, ಅದಕ್ಕೆ ಬೆಲೆ ಇದೆಯೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ. ನೀನು ಎರಡನ್ನೂ ಕಲಸಿಬಿಡ್ತೀಯ.

ಅದೇ ಲಕ್ಷ್ಮಿಯನ್ನು ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಮತ್ತೆ ತಗೊಂಡರು. 2000ದಿಂದ 2004ರವರೆಗೆ ಕ್ಲೇರ್ ಆರ್ನಿ ಅನ್ನೋ ಛಾಯಾಗ್ರಾಹಕಿ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ಚಿತ್ರಮಾಲೆ ಮಾಡಿದರು. ಪರದೆ ಬರೆಸಿ, ಸೀರೆ ಒಡವೆ ಹೊಂದಿಸಿ, ತಾವೇ ಲಕ್ಷ್ಮಿಯಾಗಿ ನಿಂತರು. ರವಿವರ್ಮರ ಬೆಳದಿಂಗಳ ಹೆಂಗಸಾದರು. ಬ್ರಿಟಿಷರು ಅಳತೆಗೋಲು ಹಿಡಿದು ಫೋಟೊ ತೆಗೆದಿದ್ದ ತೋಡ ಬುಡಕಟ್ಟಿನ ಹೆಂಗಸಾದರು. ಪತ್ರಿಕೆಯಲ್ಲಿ ಬಂದಿದ್ದ ಪೊಲೀಸ್ ಕೇಸಿನ ಹೆಂಗಸೂ ಆದರು. ಪೂಜೆ ಮಾಡಿಸಿಕೊಳ್ಳೋಳು, ಅಳತೆಗೆ ನಿಲ್ಲಿಸಿಕೊಂಡೋಳು, ಕಟಕಟೆಗೆ ಹೋದೋಳು ಎಲ್ಲರಿಗೂ ಒಂದೇ ಮುಖ ಬಂದಾಗ, ನಾವು ಇಷ್ಟು ದಿನ ಹೆಂಗಸರನ್ನು ಹೇಗೆ ನೋಡಿದ್ದೇವೆ ಅಂತ ನಮಗೇ ಇರುಸುಮುರುಸು ಆಗುತ್ತೆ. ಇದೆಲ್ಲ ಬೇರೆಯವರ ಚಿತ್ರದಿಂದ ತಗೊಂಡಿದ್ದೇ. ಆದರೆ ಒಂದೊಂದು ಚಿತ್ರದ ಶೀರ್ಷಿಕೆಯಲ್ಲೇ ಇದು ರವಿವರ್ಮ ಪ್ರೆಸ್ಸಿನ ಅಚ್ಚಿನ ಪ್ರಕಾರ, ಇದು 1889ರ ವರ್ಣಚಿತ್ರದ ಪ್ರಕಾರ ಅಂತ ಬರೆದಿದ್ದಾರೆ. ಮುಚ್ಚುಮರೆ ಇಲ್ಲ. ಎಲ್ಲಿಂದ ಬಂತು ಅಂತ ಗೊತ್ತಾದರೇನೇ ಆ ಚಿತ್ರಕ್ಕೆ ಅರ್ಥ.

ಈಗ ನಿನ್ನ ವಿಷಯಕ್ಕೆ ಬರೋಣ. ಅಣ್ಣಾವ್ರ ಹಳೇ ಫೋಟೊ ಒಂದನ್ನು ಮೊಬೈಲಿಂದ ಎತ್ತಿಕೊಂಡು, ಮುಖಕ್ಕೆ ಗುಲಾಬಿ, ಮೀಸೆಗೆ ಹಸಿರು ಬಳಿದು ಪಾಪ್ ಆರ್ಟ್ ಅಂದೆ. ಚೆನ್ನಾಗೇ ಇದೆ. ಆ ಫೋಟೊ ತೆಗೆದವರು ಯಾರು ಅಂದರೆ ಪಿಳಿಪಿಳಿ ಕಣ್ಣು ಬಿಟ್ಟೆ. ಯಾರೋ ಒಬ್ಬ ಸ್ಟಿಲ್ ಫೋಟೊಗ್ರಾಫರು ಸುಡುಬಿಸಿಲಲ್ಲಿ ಶೂಟಿಂಗ್ ಜಾಗದಲ್ಲಿ ಕಾದು ನಿಂತು ಆ ನಗೆ ಹಿಡಿದಿರ್ತಾನೆ. ಅವನಿಗೂ ಹೆಂಡತಿ ಮಕ್ಕಳು ಇದ್ದಾರೆ ಕಣಪ್ಪ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅನ್ನೋದು ಇದಕ್ಕೇ.

ಹಾಲಿಗೆ ಹೆಪ್ಪು ಹಾಕೋಕೆ ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಇಸಕೊಂಡು ಬರೋದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಅದರಲ್ಲಿ ಅವಮಾನ ಇಲ್ಲ. ಹಾಲು ನಮ್ಮದು, ಕಾಯಿಸಿದ್ದು ನಾವು, ಬೆಳಿಗ್ಗೆ ಗಡಿಗೆಯಲ್ಲಿರೋ ಮೊಸರೂ ನಮ್ಮದೇ. ಪಕ್ಕದ ಮನೆಯ ಗಡಿಗೇನೇ ಹೊತ್ತು ತಂದು, ಮೇಲೆ ಒಂದು ಎಸಳು ಕರಿಬೇವು ಉದುರಿಸಿ ನಮ್ಮನೆ ಮೊಸರು ಅನ್ನೋದು ಬೇರೆ. ನಿನ್ನ ಚಿತ್ರದಲ್ಲಿ ಹಾಲು ಎಷ್ಟು, ಹೆಪ್ಪು ಎಷ್ಟು ಅಂತ ನೀನೇ ಲೆಕ್ಕ ಹಾಕು.

ನೀನು ಮಾತೆತ್ತಿದರೆ ಪಾಪ್ ಆರ್ಟಿನ ಆಂಡಿ ವಾರ್ಹಾಲ್ ಅಂತೀಯ. ಸರಿ, ವಾರ್ಹಾಲ್ ಕತೆಯನ್ನೇ ಪೂರ್ತಿ ಕೇಳು. 1962ರಲ್ಲಿ ಅವನು ಕ್ಯಾಂಪ್‌ಬೆಲ್ ಸೂಪ್ ಡಬ್ಬಿಗಳ 32 ಚಿತ್ರ ಬರೆದು ಲಾಸ್ ಏಂಜಲೀಸಲ್ಲಿ ಪ್ರದರ್ಶನಕ್ಕಿಟ್ಟ. ಜನ ನಕ್ಕರು. ಗ್ಯಾಲರಿಯವನೇ ಅಷ್ಟನ್ನೂ ಒಟ್ಟಿಗೆ 1,000 ಡಾಲರಿಗೆ ಇಟ್ಟುಕೊಂಡ. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಪಡೆದಾಗ ಬೆಲೆ ಸುಮಾರು ಒಂದೂವರೆ ಕೋಟಿ ಡಾಲರು. ನಿನ್ನ ಕಣ್ಣು ಆ ಕೊನೆಯ ಅಂಕಿ ಮೇಲೇ ನಿಂತುಬಿಡುತ್ತೆ. ಅಡುಗೆಮನೆ ಕಪಾಟಲ್ಲಿ ಎಲ್ಲರೂ ದಿನಾ ನೋಡಿ ಮರೆತ ಡಬ್ಬಿಯನ್ನು, ಇದೇ ನಿಮ್ಮ ಕಾಲದ ಚಿತ್ರ ಅಂತ ಎದುರಿಗೆ ಇಡೋ ಧೈರ್ಯ ಇತ್ತಲ್ಲ, ಬೆಲೆ ಬಂದದ್ದು ಅದಕ್ಕೆ. ಅದನ್ನು ನೋಡಿಕೊಂಡು ಡಬ್ಬಿ ಬರೆದವರಿಗೆ ಆ ಬೆಲೆ ಬರಲಿಲ್ಲ. ನೀನು ಅವನ ಬಣ್ಣ ತಗೊಂಡೆ, ಅವನ ಕಣ್ಣನ್ನು ತಗೊಳ್ಳಲಿಲ್ಲ.

ಅವನ ಕತೆಯ ಇನ್ನೊಂದು ತುದಿಯೂ ಇದೆ. ಲಿನ್ ಗೋಲ್ಡ್‌ಸ್ಮಿತ್ ಅನ್ನೋ ಛಾಯಾಗ್ರಾಹಕಿ 1981ರಲ್ಲಿ ಪ್ರಿನ್ಸ್ ಅನ್ನೋ ಹಾಡುಗಾರನ ಫೋಟೊ ತೆಗೆದಿದ್ದಳು. 1984ರಲ್ಲಿ ವ್ಯಾನಿಟಿ ಫೇರ್ ಪತ್ರಿಕೆ ಒಂದು ಸಲದ ಬಳಕೆಗೆ 400 ಡಾಲರ್ ಕೊಟ್ಟು, ಅವಳ ಹೆಸರನ್ನೂ ಅಚ್ಚು ಹಾಕಿ, ವಾರ್ಹಾಲ್ ಕೈಲಿ ಚಿತ್ರ ಮಾಡಿಸಿತು. ಯಾರಿಗೂ ತಕರಾರು ಇರಲಿಲ್ಲ. ವಾರ್ಹಾಲ್ ಮಾತ್ರ ಅದೇ ಫೋಟೊದಿಂದ ಇನ್ನೂ ಹಲವು ಚಿತ್ರ ಮಾಡಿಟ್ಟಿದ್ದ. 2016ರಲ್ಲಿ ಪ್ರಿನ್ಸ್ ತೀರಿಕೊಂಡ. ಆಗ ಆ ಚಿತ್ರಗಳಲ್ಲೊಂದು ಪತ್ರಿಕೆಯೊಂದರ ಮುಖಪುಟಕ್ಕೆ ಬಂತು. ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರು, ಗೋಲ್ಡ್‌ಸ್ಮಿತ್‌ಗೆ ಬಿಡಿಗಾಸೂ ಇಲ್ಲ, ಹೆಸರೂ ಇಲ್ಲ. ಇಬ್ಬರೂ ಕೋರ್ಟು ಹತ್ತಿದರು. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಏಳು-ಎರಡು ಮತಗಳಿಂದ ಅವಳ ಕಡೆ ತೀರ್ಪು ಕೊಟ್ಟಿತು. ಅದೇ ಫೋಟೊ, ಅದೇ ಕಲಾವಿದ. ಹೆಸರು ಮತ್ತು ಪಾಲು ಇದ್ದಾಗ ಸೌಹಾರ್ದ, ಎರಡೂ ಇಲ್ಲದಾಗ ಮೊಕದ್ದಮೆ. ಇಷ್ಟು ತಿಳಿಯೋಕೆ ಸುಪ್ರೀಂ ಕೋರ್ಟು ಬೇಕಾಗಿರಲಿಲ್ಲ.

ದೂರದ್ದು ಸಾಕು. ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಒಂದು ದಿನ ಹೋಗಿ ಬಾ, ಸೆಲ್ಫಿ ತಗೊಂಡು ಓಡಿಬರಬೇಡ. 1196ರಲ್ಲಿ ಕಟ್ಟಿದ ಗುಡಿ. ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ ಸುಮಾರು 140 ಫಲಕ ಇವೆ. ರಾಮನ ಕತೆ ಯಾವ ಶಿಲ್ಪಿಯ ಸ್ವಂತದ್ದೂ ಅಲ್ಲ. ಮೂರ್ತಿ ಹೇಗಿರಬೇಕು ಅನ್ನೋ ಲಕ್ಷಣವೂ ಶಾಸ್ತ್ರದಿಂದ ಬಂದದ್ದೇ. ಆದರೂ ಅಲ್ಲಿ ದುಡಿದ ಮಲ್ಲಿತಮ್ಮ ಅನ್ನೋ ಶಿಲ್ಪಿಯ ಹೆಸರು ನಮಗೆ ಗೊತ್ತು. ಎಷ್ಟೋ ವರ್ಷದ ನಂತರ ಸೋಮನಾಥಪುರದ ಮೂರ್ತಿಗಳ ಕೆಳಗೂ ಅವನ ಹೆಸರು ಕೊರೆದಿದೆ. ಕತೆ ಎಲ್ಲರದ್ದು, ಉಳಿ ಇಟ್ಟ ಕೈ ನನ್ನದು ಅಂತ ಹೇಳೋ ಹಕ್ಕು ಅದು. ಎಷ್ಟು ತನ್ನದೋ ಅಷ್ಟಕ್ಕೆ ರುಜು ಹಾಕಿದ.

ಇನ್ನೊಂದು ಕಡೆ ನೋಡು. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಬರೆಯೋ ಹಸೆ ಚಿತ್ತಾರದ ಕೆಳಗೆ ಯಾರ ರುಜುವೂ ಇರೋದಿಲ್ಲ. ಗೋಡೆಗೆ ಕೆಮ್ಮಣ್ಣು ಸಾರಿಸ್ತಾರೆ. ಅಕ್ಕಿ ಅರೆದು ಬಿಳಿ, ಅಕ್ಕಿ ಹುರಿದು ಕಪ್ಪು, ಗುರಿಗೆ ಕಾಯಿಂದ ಹಳದಿ ತೆಗೀತಾರೆ. ಪುಂಡಿ ನಾರಿನ ಕುಂಚದಲ್ಲಿ ಗೆರೆ ಪಕ್ಕ ಗೆರೆ ಕೂರಿಸ್ತಾ ಹೋಗ್ತಾರೆ. ಆ ನಾರು ಬಣ್ಣ ಹೀರಿ ಬಿಡೋಷ್ಟೇ ದೂರ ಒಂದು ಗೆರೆ, ಅಲ್ಲಿಂದ ಮತ್ತೆ ಅದ್ದಬೇಕು. ನೀನು ಅದನ್ನು ಸ್ಕ್ಯಾನ್ ಮಾಡಿ ಚೀಲದ ಮೇಲೆ ಅಚ್ಚು ಹಾಕಿ, ನಮ್ಮ ವಿನ್ಯಾಸ ಅಂತ ನಿನ್ನ ಹೆಸರು ಬರೆದೆ. ಹೆಸರಿಲ್ಲದ್ದಕ್ಕೆ ಯಾರೂ ವಾರಸುದಾರರಿಲ್ಲ ಅಂದುಕೊಂಡೆಯಾ? ಅದಕ್ಕೆ ಒಂದು ಸಮುದಾಯವೇ ವಾರಸುದಾರ. ಅಮ್ಮನಿಂದ ಮಗಳಿಗೆ ಬಂದ ಕೈ ಅದು. ಆ ಗೆರೆ ಬೇಕಿದ್ದರೆ ಹೋಗು, ಅವರ ಜಗಲಿ ಮೇಲೆ ಕೂತು ಕಲಿ, ಅವರ ಕೈಲೇ ಬರೆಸು, ದುಡ್ಡು ಕೊಡು. ಚೀಲದ ಮೇಲೆ ಅವರ ಹೆಸರು ದೊಡ್ಡದಾಗಿ ಇರಲಿ, ನಿನ್ನದು ಸಣ್ಣದಾಗಿ ಇರಲಿ.

ಕಾನೂನು ಏನನ್ನುತ್ತೆ ಅಂತ ಕೇಳ್ತೀಯ, ಹೇಳ್ತೀನಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆ ಪ್ರಕಾರ ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅವರ ಚಿತ್ರ ಈಗ ಎಲ್ಲರದ್ದು. ಅದೇ ಕಾಯಿದೆಯ 57ನೇ ಕಲಂ ಇನ್ನೊಂದು ಮಾತು ಹೇಳುತ್ತೆ: ಹಕ್ಕು ಮಾರಿದ ಮೇಲೂ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳೋ ಅಧಿಕಾರ ಮಾಡಿದವನದ್ದೇ. ಆದರೆ ಕಾನೂನು ಎಲ್ಲಿ ಬಿಡುತ್ತೋ ಅಲ್ಲೆಲ್ಲ ಕೈ ಹಾಕಬಹುದು ಅಂತ ಲೆಕ್ಕ ಹಾಕೋನು ಒಳ್ಳೇ ವಕೀಲ ಆಗಬಹುದು, ಒಳ್ಳೇ ಕಲಾವಿದ ಆಗಲ್ಲ.

ಧಾರಾಳವಾಗಿ ತಗೋ ಮಗು, ನಾನು ಬೇಡ ಅನ್ನಲ್ಲ. ತಗೊಳ್ಳೋಕೆ ಮುಂಚೆ ಒಂದೇ ಒಂದು ಕೇಳಿಕೋ: ಇದನ್ನು ಮಾಡಿದವರು ಎದುರಿಗೆ ಬಂದು ನಿಂತರೆ, ನಿಮ್ಮದನ್ನು ಹೀಗೆ ಬಳಸಿದ್ದೀನಿ ಅಂತ ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳ್ತೀಯಾ? ಹೇಳ್ತೀಯ ಅನ್ನೋದಾದರೆ ಧೈರ್ಯವಾಗಿ ಮಾಡು, ಬೆಲೆಯನ್ನೂ ಧೈರ್ಯವಾಗಿ ಕಟ್ಟು. ತಲೆ ತಗ್ಗುತ್ತೆ ಅನ್ನೋದಾದರೆ, ನಿನ್ನ ಕೆಲಸ ಇನ್ನೂ ಮುಗಿದಿಲ್ಲ ಅಂತ ತಿಳ್ಕೋ. ಮತ್ತೆ ಕೂತು ಬರಿ. ನಿನಗೆ ಆ ಶಕ್ತಿ ಇದೆ. ಇಲ್ಲದಿದ್ದರೆ ಇಷ್ಟು ಬೈಯೋ ಕಷ್ಟ ನಾನು ಯಾಕೆ ತಗೋತಿದ್ದೆ?