ಎಳೆಯ ಮಕ್ಕಳಿಗೆ ರಕ್ತ ಮತ್ತು ಅಲರ್ಜಿ ಪರೀಕ್ಷೆ : ಹೆತ್ತವರ ಸಿದ್ಧತೆ

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ನಾಲ್ಕು ವರ್ಷದ ಮಗುವನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಮೇಲಿಂದ ಮೇಲೆ ಪಿತ್ತಗಂಧೆ ಏಳುತ್ತಿತ್ತು. ರಾತ್ರಿ ಉಬ್ಬಸವೂ ಕಾಡುತ್ತಿತ್ತು. ರಕ್ತ ಪರೀಕ್ಷೆ ಅಗತ್ಯವೆಂದು ಬರೆದುಕೊಟ್ಟೆವು. ಮಗು ನಮ್ಮ ಮುಖ ನೋಡಿ, “ಅಜ್ಜಾ, ನೋವಾಗತದೇನು?” ಎಂದು ಕೇಳಿತು. “ಇಲ್ಲವ್ವಾ, ಏನೂ ಆಗೂದಿಲ್ಲ” ಎಂದೆವು. ಸೂಜಿ ತಾಗಿದೊಡನೆ ಕಿರುಚಿದ ಮಗುವನ್ನು ಮೂವರು ಅದುಮಿ ಹಿಡಿಯಬೇಕಾಯಿತಂತೆ. ವರದಿಯೊಡನೆ ಮರಳಿದಾಗ ಅದು ನಮ್ಮ ಹೊಸ್ತಿಲು ದಾಟಲಿಲ್ಲ. “ಅಜ್ಜಾರು ಸುಳ್ಳು ಹೇಳ್ಯಾರ” ಎಂದು ತಾಯಿಯ ಸೆರಗಿನ ಹಿಂದೆ ನಿಂತಿತು. ನುಡಿದಂತೆ ನಡೆಯಬೇಕೆಂಬ ಶರಣರ ಮಾರ್ಗದಲ್ಲಿ ಬೆಳೆದ ನಮಗೆ ಅಂದು ಆದ ಸಂಕೋಚ ಇಂದಿಗೂ ಮರೆತಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ಭಕ್ತಬಂಧುಗಳೊಡನೆ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಪರೀಕ್ಷೆಗಳ ಸ್ವರೂಪ

ಆಯುರ್ವೇದವು ಸಾತ್ಮ್ಯ, ಅಸಾತ್ಮ್ಯ ಎಂಬ ವಿಚಾರವನ್ನು ವಿಸ್ತಾರವಾಗಿ ಹೇಳುತ್ತದೆ. ಒಬ್ಬರ ದೇಹಕ್ಕೆ ಹಿತವಾದದ್ದು ಮತ್ತೊಬ್ಬರಿಗೆ ಒಗ್ಗದಿರಬಹುದು. ಅಲರ್ಜಿ ಎಂಬುದು ಇದಕ್ಕೆ ಹತ್ತಿರವಾದರೂ ಪೂರ್ತಿ ಅದೇ ಅಲ್ಲ. ನಿರುಪದ್ರವಿಯಾದ ವಸ್ತುವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಭ್ರಮಿಸಿ ಎದುರಿಸುವುದೇ ಅಲರ್ಜಿ.

ಇದನ್ನು ತಿಳಿಯಲು ಮುಖ್ಯವಾಗಿ ಎರಡು ವಿಧಾನಗಳಿವೆ. ರಕ್ತದಲ್ಲಿ ಐ.ಜಿ.ಇ. ಎಂಬ ಪ್ರತಿಕಾಯವನ್ನು ಅಳೆಯುವುದು ಒಂದು. ಮುಂಗೈ ಅಥವಾ ಬೆನ್ನಿನ ಮೇಲೆ ಧೂಳುಹುಳು, ಪರಾಗ, ಹಾಲು, ಶೇಂಗಾ ಮುಂತಾದವುಗಳ ಸಾರದ ಹನಿಗಳನ್ನಿಟ್ಟು, ಮೇಲ್ಚರ್ಮವನ್ನು ಹಗುರವಾಗಿ ಚುಚ್ಚಿ, 15ರಿಂದ 20 ನಿಮಿಷ ಕಾದು ನೋಡುವುದು ಇನ್ನೊಂದು. ಒಗ್ಗದ ವಸ್ತುವಿನ ಜಾಗದಲ್ಲಿ ಸೊಳ್ಳೆ ಕಚ್ಚಿದಂತಹ ಗುಳ್ಳೆ ಏಳುತ್ತದೆ.

“ಇಷ್ಟು ರಕ್ತ ತೆಗೆದರೆ ಮಗು ಸೊರಗುವುದಿಲ್ಲವೇ?” ಎಂದು ಅನೇಕ ಅಜ್ಜಿಯರು ಕೇಳುತ್ತಾರೆ. 15 ಕಿಲೋ ತೂಕದ ಮಗುವಿನ ದೇಹದಲ್ಲಿ ಒಂದು ಲೀಟರಿಗೂ ಹೆಚ್ಚು ರಕ್ತವಿರುತ್ತದೆ. ಪರೀಕ್ಷೆಗೆ ತೆಗೆಯುವುದು ಸಾಮಾನ್ಯವಾಗಿ ಒಂದು ಚಹಾ ಚಮಚದಷ್ಟು, ಅಂದರೆ 5 ಮಿ.ಲೀ. ಅಥವಾ ಅದಕ್ಕೂ ಕಡಿಮೆ. ಭಯಕ್ಕೆ ಕಾರಣವಿಲ್ಲ.

ಹಿಂದಿನ ದಿನಗಳ ಸಿದ್ಧತೆ

ಚರ್ಮ ಪರೀಕ್ಷೆಗೆ ಮುನ್ನ ಸೆಟಿರಿಜಿನ್‌ನಂತಹ ಅಲರ್ಜಿ ನಿರೋಧಕ ಔಷಧಿಗಳನ್ನು ಕೆಲವು ದಿನ, ಸಾಮಾನ್ಯವಾಗಿ 5ರಿಂದ 7 ದಿನ, ನಿಲ್ಲಿಸಬೇಕಾಗುತ್ತದೆ. ಇಲ್ಲವಾದರೆ ಗುಳ್ಳೆ ಏಳದೆ ಫಲಿತಾಂಶ ಸುಳ್ಳಾಗುತ್ತದೆ. ಎಷ್ಟೋ ನೆಗಡಿ-ಕೆಮ್ಮಿನ ಸಿರಪ್‌ಗಳಲ್ಲಿಯೂ ಇಂತಹ ಔಷಧಿ ಸೇರಿರುತ್ತದೆ. ಯಾವುದನ್ನು, ಎಂದು ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಬೇಕು. ಉಬ್ಬಸದ ಇನ್‌ಹೇಲರನ್ನು ನೀವಾಗಿಯೇ ಎಂದಿಗೂ ನಿಲ್ಲಿಸಬೇಡಿರಿ. ಮಗುವಿಗೆ ಕೊಡುತ್ತಿರುವ ಚೂರ್ಣ, ಲೇಹ್ಯ, ಕಷಾಯಗಳನ್ನೂ ಮರೆಮಾಚದೆ ತಿಳಿಸಿರಿ. ನಮ್ಮ ಪದ್ಧತಿಯವೆಂದು ಬಿಟ್ಟುಬಿಡುವುದು ತರವಲ್ಲ. ಐ.ಜಿ.ಇ. ರಕ್ತ ಪರೀಕ್ಷೆಗೆ ಅಲರ್ಜಿ ಔಷಧಿ ನಿಲ್ಲಿಸುವ ಅಗತ್ಯವಿಲ್ಲ, ಉಪವಾಸವೂ ಬೇಕಿಲ್ಲ. ಜೊತೆಗೆ ಬೇರೆ ಪರೀಕ್ಷೆಗಳಿದ್ದರೆ ಮಾತ್ರ ಉಪವಾಸದ ಬಗ್ಗೆ ಕೇಳಿ ತಿಳಿಯಿರಿ. ಚೆನ್ನಾಗಿ ನೀರು ಕುಡಿದ ಮಗುವಿನ ರಕ್ತನಾಳ ಸುಲಭವಾಗಿ ಸಿಗುತ್ತದೆ. ಚರ್ಮ ಪರೀಕ್ಷೆಯ ದಿನ ಮುಂಗೈಗೆ, ಬೆನ್ನಿಗೆ ಎಣ್ಣೆ, ಮುಲಾಮು ಹಚ್ಚಬೇಡಿರಿ.

ಮಗುವಿಗೆ ಹೇಳುವ ಬಗೆ

ಚರಕಸಂಹಿತೆಯ ಶಾರೀರಸ್ಥಾನವು ಶಿಶುವನ್ನು ಹೆದರಿಸಬಾರದೆಂದು ವಿಧಿಸುತ್ತದೆ. ಅತ್ತರೆ, ಉಣ್ಣದಿದ್ದರೆ, ಮಾತು ಕೇಳದಿದ್ದರೆ ರಾಕ್ಷಸ, ಪಿಶಾಚಿ, ಪೂತನಿಯ ಹೆಸರನ್ನು ಹೇಳಕೂಡದು ಎಂಬುದು ಅಲ್ಲಿನ ಅಭಿಪ್ರಾಯ. ಇಂದು ನಮ್ಮ ಮನೆಗಳಲ್ಲಿ ಪೂತನಿಯ ಸ್ಥಾನವನ್ನು ಡಾಕ್ಟರರ ಸೂಜಿ ಪಡೆದಿದೆ. “ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ” ಎಂಬ ಮಾತನ್ನು ಇಂದೇ ಬಿಡಬೇಕು.

ಮೂರು-ನಾಲ್ಕು ವರ್ಷದ ಮಗುವಿಗೆ ವಾರದ ಮೊದಲೇ ಹೇಳಿದರೆ ಭಯ ಬೆಳೆಯುತ್ತದೆ. ಹಿಂದಿನ ಸಂಜೆ ಅಥವಾ ಅಂದೇ ಬೆಳಿಗ್ಗೆ ಹೇಳಿದರೆ ಸಾಕು. “ಜಾತ್ರೆಗೆ ಹೋಗೋಣ” ಎಂದು ವಂಚಿಸಬೇಡಿರಿ. “ಸ್ವಲ್ಪ ಚುರ್ರೆನ್ನುತ್ತದೆ, ಹತ್ತು ಎಣಿಸುವಷ್ಟರಲ್ಲಿ ಹೆಚ್ಚಿನ ನೋವು ಕಳೆಯುತ್ತದೆ. ಅಳಬಹುದು, ಕೈ ಮಾತ್ರ ಅಲುಗಿಸಬಾರದು. ನಾನು ನಿನ್ನ ಜೊತೆಯಲ್ಲಿಯೇ ಇರುತ್ತೇನೆ” ಎಂದು ಹೇಳಿರಿ. ಗೊಂಬೆಯ ಕೈಗೆ ಹತ್ತಿ ಒತ್ತಿ, ಪಟ್ಟಿ ಕಟ್ಟಿ ಆಟವಾಡಿಸಿದರೆ ಮಗುವಿಗೆ ವಿಷಯ ತಿಳಿಯುತ್ತದೆ.

ಕೊಠಡಿಯಲ್ಲಿ ಮಗುವನ್ನು ಮಲಗಿಸಿ ಅದುಮುವುದಕ್ಕಿಂತ ನಿಮ್ಮ ಎದೆಗೊರಗಿಸಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ಲೇಸು. ದೀರ್ಘವಾಗಿ ಊದಿಸಿರಿ, ಸೋಪಿನ ಗುಳ್ಳೆ ಬಿಡಿಸಿರಿ, ಪರಿಚಿತ ಹಾಡು ಹಾಡಿರಿ. ರಕ್ತ ತೆಗೆಯುವ ಜಾಗವನ್ನು ಮರಗಟ್ಟಿಸುವ ಮುಲಾಮು ಇದೆ. ವೈದ್ಯರ ಸಲಹೆಯಂತೆ ಸುಮಾರು ಒಂದು ಗಂಟೆ ಮೊದಲು ಹಚ್ಚಬೇಕಾಗುತ್ತದೆ. ಚರ್ಮ ಪರೀಕ್ಷೆಯಲ್ಲಿ ನೋವಿಗಿಂತ ತುರಿಕೆಯನ್ನು ತಡೆದುಕೊಳ್ಳುವುದೇ ಕಷ್ಟ. ಆ ಇಪ್ಪತ್ತು ನಿಮಿಷಕ್ಕೊಂದು ಕಥೆ ಸಿದ್ಧವಿರಲಿ.

ಫಲಿತಾಂಶ ಬಂದ ಬಳಿಕ

ವರದಿಯಲ್ಲಿ ‘ಪಾಸಿಟಿವ್’ ಎಂದಿದ್ದ ಮಾತ್ರಕ್ಕೆ ಆ ಆಹಾರ ವಿಷವಾಗುವುದಿಲ್ಲ. ತಿಂದಾಗ ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲಿಯೂ ಪರೀಕ್ಷೆ ಹಾಗೆ ತೋರಿಸಬಹುದು. ಕಾಗದ ನೋಡಿ ಹಾಲು, ಗೋಧಿ, ಬೇಳೆ ಎಲ್ಲವನ್ನೂ ನಿಲ್ಲಿಸಿದರೆ ಬೆಳೆಯುವ ಮಗು ಸೊರಗುತ್ತದೆ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬ ಟಿಪ್ಪಣಿಯನ್ನು ವರದಿಯೊಡನೆ ವೈದ್ಯರಿಗೆ ತೋರಿಸಿರಿ. ಮಗುವಿಗೆ ತುಟಿ-ನಾಲಿಗೆ ಊದಿಕೊಂಡು ಉಸಿರು ಕಟ್ಟಿದ ಪ್ರಸಂಗ ಹಿಂದೆ ನಡೆದಿದ್ದರೆ ಪರೀಕ್ಷೆಗೆ ಮೊದಲೇ ತಿಳಿಸಿರಿ. ಅಂತಹ ಲಕ್ಷಣ ಎಂದು ಕಂಡರೂ ಮನೆಮದ್ದಿಗೆ ನಿಲ್ಲದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಆ ಮಗುವಿಗೆ ಮುಂದೆ ಚರ್ಮ ಪರೀಕ್ಷೆ ಬೇಕಾಯಿತು. ಈ ಸಲ ನಾವೇ ಅವರ ಮನೆಗೆ ಹೋಗಿ, “ಅವತ್ತು ನಾವು ಹೇಳಿದ್ದು ತಪ್ಪವ್ವಾ. ಚುಚ್ಚಿದಾಗ ಚುರ್ ಅಂತದ, ಆಮ್ಯಾಲ ತುರಸತದ” ಎಂದೆವು. ಅಂದೂ ಮಗು ಅತ್ತಿತಂತೆ. ಆದರೆ ಕೈಯನ್ನು ಹಿಂದೆಗೆಯಲಿಲ್ಲವೆಂದು ತಾಯಿ ಹೇಳಿದರು. ನಂಬಿಕೆ ಉಳಿದರೆ ಮುಂದಿನ ಚಿಕಿತ್ಸೆಯ ಅರ್ಧ ದಾರಿ ಸಾಗಿದಂತೆ.