ಸಾವಿರ ಕೋಳಿಗಳ ಮನೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ಕೋಳಿಗೆಂದು ಯಾರೂ ಪ್ರತ್ಯೇಕವಾಗಿ ಹಣ ವೆಚ್ಚ ಮಾಡುತ್ತಿರಲಿಲ್ಲ. ಅದು ತಿಪ್ಪೆ ಕೆದಕಿ, ಕಣದ ಕಾಳು ಹೆಕ್ಕಿ, ಸಂಜೆಗೆ ತಾನಾಗಿಯೇ ಕುಕ್ಕೆಯಡಿ ಸೇರುತ್ತಿತ್ತು. ಇಟ್ಟಷ್ಟು ಮೊಟ್ಟೆಯೇ ಲಾಭ. ಇಂದು ವ್ಯಾಪಾರಕ್ಕಾಗಿ ಸಾಕುವ ಬಿಳಿ ಲೆಗ್‌ಹಾರ್ನ್ ಮೂಲದ ಕೋಳಿ ವರ್ಷಕ್ಕೆ 300 ಮೊಟ್ಟೆಗಳನ್ನು ಇಡಬಲ್ಲದು. ಆದರೆ ಅದು ತಿಪ್ಪೆಯನ್ನು ನಂಬಿ ಬದುಕುವ ಹಕ್ಕಿಯಲ್ಲ.

ಹಾವೇರಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡೆಕರೆ ಹೊಲದ ಅಂಚಿನಲ್ಲಿ ಸಾವಿರ ಕೋಳಿಗಳನ್ನು ಸಾಕಿದ್ದಾನೆ. ತರಗತಿಯಲ್ಲಿ ಲೆಕ್ಕವೆಂದರೆ ಓಡುತ್ತಿದ್ದ ಹುಡುಗ. ಈಗ ಅವನ ಬಾಯಲ್ಲಿ ಲೆಕ್ಕವಲ್ಲದೆ ಬೇರೆ ಮಾತಿಲ್ಲ. "ಮೊದಲ ಐದು ತಿಂಗಳು ಬರೀ ಖರ್ಚು, ಮೇಷ್ಟ್ರೇ" ಎಂದ. ನಿಜವೇ. ಒಂದು ದಿನದ ಮರಿಯನ್ನು ತಂದರೆ ಅದು ಮೊಟ್ಟೆಯಿಡಲು ತೊಡಗುವುದು ಹದಿನೆಂಟು, ಇಪ್ಪತ್ತು ವಾರಗಳಾದ ಮೇಲೆ. ಆಮೇಲೆ ಪ್ರತಿ ಕೋಳಿಗೂ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಬೇಕು. ಸಾವಿರಕ್ಕೆ 110 ಕಿಲೋ. ಮೆಕ್ಕೆಜೋಳ, ಸೋಯಾ ಹಿಂಡಿ, ಚಿಪ್ಪಿನ ಪುಡಿ ಬೆರೆಸಿದ ಈ ಆಹಾರವೇ ಒಟ್ಟು ವೆಚ್ಚದ ಮೂರರಲ್ಲಿ ಎರಡು ಪಾಲನ್ನು ನುಂಗುತ್ತದೆ. ಹಾವೇರಿ, ದಾವಣಗೆರೆಗಳು ಮೆಕ್ಕೆಜೋಳದ ಸೀಮೆಯಾದ್ದರಿಂದ ಅವನಿಗೆ ಸಾಗಣೆಯ ಖರ್ಚು ಕಡಿಮೆ. ತನ್ನ ಹೊಲದ ಜೋಳವನ್ನೂ ಅವನು ಇದಕ್ಕೇ ಬಳಸುತ್ತಾನೆ.

ಸಾವಿರ ಕೋಳಿಗಳಿಂದ ದಿನಕ್ಕೆ 850 ಮೊಟ್ಟೆ ದೊರೆಯಿತೆನ್ನಿ. ಬೆಲೆ ಐವತ್ತು ಪೈಸೆ ಇಳಿದರೆ ದಿನಕ್ಕೆ 425 ರೂಪಾಯಿ, ತಿಂಗಳಿಗೆ 12,750 ರೂಪಾಯಿ ಕೈತಪ್ಪಿತು. ಶ್ರಾವಣದಲ್ಲಿ ಜನ ಮೊಟ್ಟೆ ತಿನ್ನುವುದನ್ನು ಬಿಡುತ್ತಾರೆ. ಕೋಳಿ ಇಡುವುದನ್ನು ಬಿಡುವುದಿಲ್ಲ! ಕಾರ್ಖಾನೆಯ ಯಂತ್ರದಂತೆ ಅದನ್ನು ನಿಲ್ಲಿಸಿಡಲಾಗದು. ಒಂದು ಕಾಲದಲ್ಲಿ ದಲ್ಲಾಳಿಗಳು ಹೇಳಿದ್ದೇ ಬೆಲೆಯಾಗಿತ್ತು. 1982ರಲ್ಲಿ ಬಿ. ವಿ. ರಾವ್ ಅವರ ನೇತೃತ್ವದಲ್ಲಿ ಸಾಕಣೆದಾರರು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿ, ತಮ್ಮ ಮೊಟ್ಟೆಗೆ ತಾವೇ ಬೆಲೆ ಸೂಚಿಸತೊಡಗಿದರು. ಇದು ಸಣ್ಣ ಸಂಗತಿಯಲ್ಲ. ಆದರೂ ಸಾವಿರ ಕೋಳಿಯವನು ಲಕ್ಷ ಕೋಳಿಯವನೊಡನೆ ಅದೇ ಪೇಟೆಯಲ್ಲಿ ನಿಲ್ಲಬೇಕು. ಅದಕ್ಕಾಗಿ ನನ್ನ ವಿದ್ಯಾರ್ಥಿ ಪೇಟೆಗೆ ಹೋಗುವುದನ್ನೇ ಬಿಟ್ಟ. ಸುತ್ತಲ ಅಂಗಡಿ, ಖಾನಾವಳಿ, ವಸತಿನಿಲಯಗಳಿಗೆ ತಾನೇ ಸೈಕಲ್‌ ಮೋಟಾರಿನಲ್ಲಿ ಒಯ್ಯುತ್ತಾನೆ. ತಾಜಾ ಮೊಟ್ಟೆಗೆ ಕೊಳ್ಳುವವರು ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ. ಗೊಬ್ಬರವನ್ನು ನೆರೆಯ ತೋಟದವರು ಮೊದಲೇ ಹೇಳಿಟ್ಟು ಕೊಳ್ಳುತ್ತಾರೆ.

ಬೇಸಿಗೆ ಅವನ ಇನ್ನೊಂದು ಶತ್ರು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯನ್ನು ತಂಪಾಗಿಸಿಕೊಳ್ಳಬೇಕು. ಹಾಗೆ ಏದುವಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಮಾರುಕಟ್ಟೆ ಮುಟ್ಟುವ ಮೊದಲೇ ಅದು ಒಡೆಯುತ್ತದೆ. ಇನ್ನು ರೋಗ. ಕುಮಾವೂ ಬೆಟ್ಟಗಳ ಊರೊಂದರ ಹೆಸರು ಹೊತ್ತ ರಾಣಿಖೇತ್ ರೋಗಕ್ಕೆ ಲಸಿಕೆಯುಂಟು, ಬಂದ ಮೇಲೆ ಮದ್ದಿಲ್ಲ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿದಾಗ, ರೋಗವೇ ತಲುಪದ ಊರುಗಳಲ್ಲೂ ಜನ ಮೊಟ್ಟೆ ಕೊಳ್ಳಲು ಅಂಜಿದರು. ಚೆನ್ನಾಗಿ ಬೇಯಿಸಿದರೆ ಆ ವೈರಾಣು ಉಳಿಯದೆಂಬ ಮಾತು ಭಯದಷ್ಟು ಬೇಗ ಹರಡಲಿಲ್ಲ.

ಇಷ್ಟು ಕಷ್ಟವಿದ್ದೂ ಏಕೆ ಬಿಡಲಿಲ್ಲ ಎಂದು ಕೇಳಿದೆ. ಮಳೆ ಬರಲಿ ಬಾರದಿರಲಿ, ನಿತ್ಯ ಕೈಗೆ ಕಾಸು ಬರುವ ಬೇಸಾಯ ಮತ್ತೊಂದಿಲ್ಲವೆಂದ. ಅಷ್ಟರಲ್ಲಿ ಕತ್ತಲಾಯಿತು. ಅವನ ಮಗಳು ಪುಸ್ತಕ ಮಡಚಿಟ್ಟು ಎದ್ದು ಹೋಗಿ ಕೋಳಿಮನೆಯ ದೀಪ ಹಾಕಿದಳು. ಹಗಲೂ ದೀಪವೂ ಸೇರಿ ದಿನಕ್ಕೆ ಹದಿನಾರು ಗಂಟೆ ಬೆಳಕಿರಬೇಕಂತೆ. ಆ ಬೆಳಕಿನಲ್ಲೇ ಅವಳು ಮರುದಿನದ ಮೊಟ್ಟೆಗಳಿಗೆ ತಟ್ಟೆಗಳನ್ನು ಜೋಡಿಸತೊಡಗಿದಳು.